ನೈಲ್ ದಂಡೆಯ ಅಂಚೆ ಮಾಸ್ತರ ಮಾನ್ವಿಗೆ ಬಂದದ್ದು

ಅರಬ್ಬಿ ಕಾದಂಬರಿಯ ಅನುವಾದವೊಂದನ್ನು ಕೈಗೆತ್ತಿಕೊಂಡರೆ ಸಾಕು, ನನಗೆ ಏನಾದರೊಂದು ಆಗುತ್ತದೆ. ಒಂದೇ ಪುಸ್ತಕದಿಂದ ಎರಡೇ ವಾರದಲ್ಲಿ ಆದದ್ದಿಷ್ಟು.

೧. ಉದ್ದೇಶ, ಸಲಕರಣೆ, ಫಲಿತಾಂಶ

ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಮಾನ್ವಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ರಾಯಚೂರಿನ ಒಂದು ವಾರಪತ್ರಿಕೆಯಲ್ಲಿ ನನ್ನದೊಂದು ವಿಮರ್ಶೆ ಅಚ್ಚಾಗಲೇಬೇಕೆಂದು ಹಟ. ಮೊದಲನೆಯದನ್ನು ಪ್ರಯೋಗದ ರೆಕಾರ್ಡಿನಂತೆ ಬರೆದೆ: ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ. ತಿರಸ್ಕಾರವಾಯಿತು. ಎರಡನೆಯದೂ ಹಾಗೇ.

ಮೂರನೆಯ ಸಲ ಸಂಪಾದಕರೇ ಅರಬ್ಬಿಯಿಂದ ಇಂಗ್ಲಿಷಿಗೆ ಬಂದ ಒಂದು ಕಾದಂಬರಿ ಕೊಟ್ಟರು. ತವರಿಗೆ ಹೋದ ಹೆಂಡತಿಗಾಗಿ ನೈಲ್ ದಂಡೆಯಲ್ಲಿ ಕಾಯುವ ಅಂಚೆ ಮಾಸ್ತರನ ಕತೆ.

"ಇದ ಕಡೀ ಅವಕಾಶ ನೋಡ್ರಿ. ಬರೋ ಶನಿವಾರ ತರ್ರಿ. ಮಂದಿ ಮಾತಾಡಿದಂಗ ಇರಬೇಕು."

"ಹಿಂದಿನದ್ರಾಗ ಏನ್ ಕಡಿಮಿ ಇತ್ರಿ?"

"ಚಿತ್ರ ಬಿಡಿಸಿ ಭಾಗ ಗುರುತಿಸೋದು ಮರ್ತಿದ್ರಿ."

೨. ಹಿಂದಿನಿಂದ ಮುಂದಕ್ಕೆ

ಶಾಲೆಯ ಕೆಲಸಕ್ಕೆಂದು ಮಾನ್ವಿಯಿಂದ ಹತ್ತಿದ ದೇವದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಕಂದಾಯ ಇಲಾಖೆಯ ನಿವೃತ್ತ ಗಿರದಾವರರೊಬ್ಬರು ಕೂತಿದ್ದರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಮುಖಪುಟದಲ್ಲಿ ಅಲಂಕಾರಕ್ಕಿದ್ದ ನಾಲ್ಕು ಅರಬ್ಬಿ ಅಕ್ಷರ ಕಂಡು ಪುಸ್ತಕವನ್ನು ತಿರುಗಿಸಿದರು.

"ಇದನ್ನ ಈ ಕಡಿಯಿಂದ ಓದಬೇಕ್ರಿ."

"ಒಳಗ ಇಂಗ್ಲಿಷ್ ಅದರಿ."

"ಇರ್ಲಿ. ಮೂಲ ಅರಬ್ಬಿ ಹೌದಲ್ಲೊ?"

ಕೊನೆಯ ಪುಟ ತೆಗೆದು ಬೆರಳಿಟ್ಟು ಓದತೊಡಗಿದರು. ನಾನಿನ್ನೂ ಮೂವತ್ತನೇ ಪುಟದಲ್ಲಿದ್ದೆ. ಸಿರವಾರ ದಾಟಿದ ಮೇಲೆ ಪುಸ್ತಕ ಮರಳಿಸಿದರು.

"ಆಕಿ ಬರಂಗಿಲ್ಲ ಬಿಡ್ರಿ. ಕಾಯೋದು ದಂಡ."

೩. ಗೂಡು ಸೇರಿದ ಪುಸ್ತಕ

ಗುರುವಾರ ಶಾಲೆಯಿಂದ ಬಂದರೆ ಚಾಪೆಯ ಮೇಲೆ ಪುಸ್ತಕವಿಲ್ಲ. ಮನೆಯ ಒಡತಿ, ಇಡೀ ಓಣಿಗೆ ನಾನೀಮಾ, ಮುಖಪುಟದ ಅಕ್ಷರ ನೋಡಿ ಅದನ್ನು ಕುರಾನಿನ ಹಾಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಮ್ಮ ಪಡಸಾಲೆಯ ಎತ್ತರದ ಗೂಡಿನಲ್ಲಿ ಇಟ್ಟಿದ್ದರು.

"ನಾನೀಮಾ, ಅದು ಬರೀ ಕತಿ ಪುಸ್ತಕ."

"ಅಕ್ಷರ ಏನ್ ತಪ್ಪು ಮಾಡ್ಯಾವ? ನೆಲದ ಮ್ಯಾಲೆ ಇಡತಾರೇನು? ಕೈಕಾಲು ತೊಳಕೊಂಡು ಬಾ, ಇಲ್ಲೇ ಕುಂತು ಓದು. ನನಗೂ ಹೇಳು."

ಶನಿವಾರ ಹತ್ತಿರವಿತ್ತು; ವಾದಿಸಲಿಲ್ಲ. ಎದ್ದು ಹೋಗಿ ಬಂದಾಗೆಲ್ಲ ತೊಳೆದೆ. ಪುಸ್ತಕ ಮುಗಿಯುವ ಮೊದಲೇ ಕೊಡದ ನೀರು ಮುಗಿಯಿತು.

೪. ಅಚ್ಚಾದ ವಿಮರ್ಶೆ

ಕತೆ ಪೂರ್ತಿ ಕೇಳಿದ ನಾನೀಮಾ ಅಡಿಕೆ ಕತ್ತರಿಸುತ್ತ ಅಂದರು:

"ಮುನ್ನೂರು ಪುಟ ಅತ್ತಾನ. ಎದ್ದು ಹೋಗಿ ಹೆಂಡ್ತೀನ ಕರಕೊಂಡು ಬಂದಿದ್ರ ಮೂರು ಪುಟದಾಗ ಮುಗೀತಿತ್ತು."

ಮಂದಿ ಮಾತಾಡಿದಂಗ ಇರಬೇಕು ಅಂದಿದ್ದರಲ್ಲ! ನಾನು ಬರೆದ ಆರು ಹಾಳೆಯ ಕೊನೆಗೆ, ನಮ್ಮ ಓಣಿಯ ನಾನೀಮಾ ಹೇಳಿದ್ದೆಂದು, ಅದನ್ನೂ ಸೇರಿಸಿದೆ. ಶನಿವಾರ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ ಕೊಟ್ಟೆ. ಸಂಪಾದಕರು ಕೆಂಪು ಪೆನ್ನು ತೆಗೆದರು.

ಮುಂದಿನ ವಾರ ವಿಮರ್ಶೆ ಅಚ್ಚಾಗಿತ್ತು. ಆರು ಹಾಳೆ ಮಾಯ. ನಾನೀಮಾ ಅಂದ ಎರಡೇ ವಾಕ್ಯ, ಅವರ ಹೆಸರಿಲ್ಲದೆ. ಕೆಳಗೆ ದಪ್ಪಕ್ಷರದಲ್ಲಿ ನಾನು, ಬಿ.ಎಸ್ಸಿ. ಸಮೇತ.

ಮುಚ್ಚಿಡಲು ಮನಸ್ಸಾಗಲಿಲ್ಲ. ಕೈಕಾಲು ತೊಳೆದು ಹೋಗಿ ಅವರಿಗೆ ಓದಿ ಹೇಳಿದೆ.

"ಇದು ನಾ ಅಂದಿದ್ದಲ್ಲೇನು?"

"ಹೌದು ನಾನೀಮಾ."

"ಮತ್ತ ಇದ್ರಾಗ ನೀ ಏನು ಬರ್ದಿ?"

"ಹೆಸರು."