ಬೀಪ್ ಎನ್ನುವ ಬಾವಿ

ನೀರಿಗಾಗಿ ಬಾವಿ ತೋಡಿಸಿದವರನ್ನು ಯಾರೂ ಅನುಮಾನಿಸುವುದಿಲ್ಲ. ಬರೀ ನೋಡುವುದಕ್ಕೆ ತೋಡಿಸಿದವರ ಪಾಡು ಬೇರೆ. ಐರ್ಲೆಂಡಿನ ಗಾಲ್ವೇ ಊರಿನ ಆಚೆಯ ಒಂದು ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರು. ಮೈದಾನದ ಮೂಲೆಯಲ್ಲಿ, ಒಂದು ಮುಳ್ಳುಮರದ ಪಕ್ಕ, ನಮ್ಮದೊಂದು ಕೊಳವೆಬಾವಿ ಇದೆ. ಮೇಲೆ ಉಕ್ಕಿನ ಮುಚ್ಚಳ, ಅದಕ್ಕೊಂದು ಬೀಗ. ವಾರಕ್ಕೊಮ್ಮೆ ಮಕ್ಕಳ ಜೊತೆ ಹೋಗಿ ಅಳತೆಪಟ್ಟಿ ಇಳಿಸುತ್ತೇನೆ. ತುದಿ ನೀರಿಗೆ ತಾಗಿದರೆ ಬೀಪ್ ಎನ್ನುತ್ತದೆ. ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಂಡು, ಬೀಗ ಹಾಕಿ ಬರುತ್ತೇವೆ. ಬಿದ್ದ ಮಳೆ ಸುಣ್ಣಕಲ್ಲಿನೊಳಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಇದರಲ್ಲಿ ಅನುಮಾನಕ್ಕೆ ಏನಿದೆ ಎಂದು ನಾನೂ ಅಂದುಕೊಂಡಿದ್ದೆ.

೧. ಮೋಟಾರ್ ಎಲ್ಲಿ?

ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದ ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ.

"ಮೋಟಾರ್ ಎಲ್ಲೋ?"

"ಇಲ್ಲಮ್ಮ."

"ಹೋಗ್ಲಿ, ಹ್ಯಾಂಡ್ ಪಂಪು?"

"ಅದೂ ಇಲ್ಲ. ಇದ್ರಿಂದ ನೀರು ತೆಗೆಯಲ್ಲ. ಎಲ್ಲಿದೆ ಅಂತ ನೋಡ್ತೀವಿ."

"ನೋಡಿ?"

"ಬರ್ಕೋತೀವಿ."

ಅಮ್ಮ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. "ಪೂಜೆ ಮಾಡ್ದೆ ಕೊರೆಸಿದ್ದೀರ. ನೀರು ಬಂದಿಲ್ಲ. ಒಪ್ಕೊಳ್ಳೋದಕ್ಕೇನು?"

೨. ಯಾರಿಗೆ?

ಶಾಲೆಯ ಕಲ್ಲುಗೋಡೆಯ ಆಚೆ ಒಬ್ಬ ಹಿರಿಯ ರೈತರಿದ್ದಾರೆ. ಅವರ ದನಗಳು ಕುಡಿಯುವುದು ಅವರದೇ ಬಾವಿಯ ನೀರು. ನಾವು ಹೋದಾಗಲೆಲ್ಲ ಗೋಡೆಗೆ ಮೊಣಕೈ ಊರಿ ನಿಲ್ಲುತ್ತಾರೆ.

"ಅದೇನು ಶಬ್ದ?" ಎಂದು ಒಮ್ಮೆ ಕೇಳಿದರು.

"ನೀರು ಸಿಕ್ತು ಅಂತ ಹೇಳುತ್ತೆ."

"ಯಾರಿಗೆ?"

"ನಮಗೆ."

"ನಿಮಗೆ ಮಾತ್ರಾನಾ?"

"ಹೌದು."

"ಗ್ರ್ಯಾಂಡ್" ಎಂದರು. ಇಲ್ಲಿ ಗ್ರ್ಯಾಂಡ್ ಎಂದರೆ ಸರಿ ಎಂದೂ ಆಗುತ್ತದೆ, ನಿನ್ನನ್ನು ನಂಬಲಿಲ್ಲ ಎಂದೂ ಆಗುತ್ತದೆ. ಆಮೇಲೆ ಅವರು ತಮ್ಮ ಮೊಬೈಲ್ ಆಫ್ ಮಾಡಿ ಜೇಬಿಗೆ ಹಾಕಿಕೊಂಡರು.

೩. ಆರು, ನಾಲ್ಕು

ವಾರದ ಅಳತೆಯನ್ನು ಮಕ್ಕಳು ಗೇಟಿನ ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದು ವಾರ ಬಿಡದೆ ಮಳೆ ಸುರಿದು, ಆರು ಮೀಟರ್ ಇದ್ದದ್ದು ನಾಲ್ಕಾಯಿತು. ರೈತರು ನೇರ ತರಗತಿಗೇ ಬಂದರು.

"ಇಷ್ಟು ಮಳೆ ಬಂದ್ರೂ ನೀರು ಎರಡು ಮೀಟರ್ ಇಳಿದಿದೆ. ತೆಗೆದದ್ದು ಯಾರು?"

"ಇಳಿದಿಲ್ಲ, ಏರಿದೆ. ಅದು ಮೇಲಿನಿಂದ ನೀರಿಗೆ ಇರೋ ದೂರ. ಸಂಖ್ಯೆ ಕಡಿಮೆ ಆದಷ್ಟೂ ನೀರು ಜಾಸ್ತಿ."

"ಕಡಿಮೆ ಅಂದ್ರೆ ಜಾಸ್ತಿ."

"ಹೌದು."

ಅವರು ಮಕ್ಕಳ ಕಡೆ ಕನಿಕರದಿಂದ ನೋಡಿದರು. "ಇವರಿಗೂ ಇದನ್ನೇ ಕಲಿಸ್ತಿದ್ದೀರಾ?"

ಮರುದಿನ ಆಡಳಿತ ಮಂಡಳಿಗೆ ಅವರ ಪತ್ರ ಹೋಯಿತು: ಬಾವಿಗೆ ಸಿಮೆಂಟ್ ತುಂಬಿ ಮುಚ್ಚಬೇಕು. ಮಂಡಳಿಯವರು ಶುಕ್ರವಾರ ಸ್ಥಳ ನೋಡಿ ತೀರ್ಮಾನಿಸುವುದೆಂದಾಯಿತು. ಪ್ರಿನ್ಸಿಪಾಲರು ನನ್ನನ್ನು ಸಮಾಧಾನಪಡಿಸಿದರು. "ಪುಸ್ತಕದಲ್ಲಿ ಬಾವಿಯ ಚಿತ್ರ ಹೇಗೂ ಇದೆಯಲ್ಲ."

೪. ರವಿಕೆ ಕಣ

ಶುಕ್ರವಾರ ನಾನು ಮೂರು ವರ್ಷದ ಅಳತೆಗಳ ಗ್ರಾಫ್ ಹಿಡಿದು ಹೋದೆ. ನನಗಿಂತ ಮೊದಲೇ ಅಮ್ಮ ಹೋಗಿದ್ದಳು. ಮುಚ್ಚಳಕ್ಕೆ ಅರಿಶಿನ ಕುಂಕುಮ, ಮೇಲೆ ಡ್ಯಾಫೊಡಿಲ್ ಹೂವು, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಗಂಗೆಗೆಂದು ಇಟ್ಟ ಹಸಿರು ರವಿಕೆ ಕಣ ಗಾಳಿಗೆ ಹಾರಿ ಹೋಗುತ್ತಿತ್ತಂತೆ. ಅದನ್ನು ಮುಳ್ಳುಮರಕ್ಕೆ ಕಟ್ಟಿಬಿಟ್ಟಿದ್ದಳು.

"ಈಗ ನೀರು ಬರುತ್ತೆ, ನೋಡ್ತಿರು" ಎಂದಳು.

ಬಿಚ್ಚಲು ಅವಸರದಿಂದ ಕೈ ಚಾಚಿದೆ.

"ಮುಟ್ಟಬೇಡಿ." ಹಿಂದೆ ರೈತರು, ಅವರ ಹಿಂದೆ ಮಂಡಳಿಯವರು.

ಐರ್ಲೆಂಡಿನಲ್ಲಿ ಪವಿತ್ರ ಬಾವಿಗಳಿವೆ. ಕಾಯಿಲೆಯವರು ಪಕ್ಕದ ಮುಳ್ಳುಮರಕ್ಕೆ ಬಟ್ಟೆ ಕಟ್ಟಿ ಬೇಡಿಕೊಳ್ಳುತ್ತಾರೆ. ಆ ಬಟ್ಟೆ ಬಿಚ್ಚಿದವರಿಗೆ ಆ ಕಾಯಿಲೆ ಅಂಟುತ್ತದೆಂದು ನಂಬಿಕೆ.

"ನಿಮ್ಮ ತಾಯಿಗೆ ಎಲ್ಲಿ ನೋವು?" ಎಂದು ರೈತರು ಮೆಲ್ಲಗೆ ಕೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. "ಮಂಡಿ" ಎಂದಳು ಅಮ್ಮ. ಅದು ಹತ್ತು ವರ್ಷದಿಂದ ನಿಜ.

ರೈತರು ಮಂಡಳಿಯತ್ತ ತಿರುಗಿದರು. "ಇಂಥ ಬಾವಿಗೆ ಸಿಮೆಂಟ್ ಹಾಕೋರು ಯಾರಿದ್ದೀರಿ? ನಾನಂತೂ ಅಲ್ಲ."

ಹಾಕುವವರು ಯಾರೂ ಇರಲಿಲ್ಲ. ನನ್ನ ಗ್ರಾಫ್ ಯಾರೂ ಕೇಳಲಿಲ್ಲ.

ಮುಂದಿನ ವಾರ ಮರದಲ್ಲಿ ಎರಡು ಬಟ್ಟೆಗಳಿದ್ದವು. ಎರಡನೆಯದರ ಚೌಕಳಿ ನನಗೆ ಗೊತ್ತಿದ್ದದ್ದೇ, ರೈತರ ಹಳೆಯ ಅಂಗಿಯದು. ಅವರು ಸೊಂಟ ಹಿಡಿದುಕೊಂಡು ಗೋಡೆಯ ಆಚೆ ನಿಂತಿದ್ದರು. ನಾನು ಪಟ್ಟಿ ಇಳಿಸಿದೆ. ಬೀಪ್ ಎಂದಿತು. ಅವರು ಟೋಪಿ ತೆಗೆದು ತಲೆ ಬಾಗಿಸಿದರು.

"ನಿಮಗೆ ಮಾತ್ರ ಹೇಳುತ್ತೆ ಅಂದಿದ್ರಿ" ಎಂದರು. "ಆವತ್ತೇ ನನಗೆ ಅನುಮಾನ ಬಂದಿತ್ತು."