ಕಮಲಾಪುರದಲ್ಲಿ ಪ್ರಬಂಧ ಕಲಿಸಿದ್ದು

ಪೀಠಿಕೆ, ಒಡಲು, ಮುಕ್ತಾಯ. ಪ್ರಬಂಧಕ್ಕೆ ಇರುವುದೇ ಮೂರು ಭಾಗ. ಆದರೆ ಇಷ್ಟನ್ನು ಕಲಿಸಲು ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೇ ಇದ್ದದ್ದು ನನಗೆ ನೆನಪಿಲ್ಲ. ತೊಂಬತ್ತರ ದಶಕ. ಕಲಬುರಗಿಯಿಂದ ದಿನಾ ಬಸ್ಸು ಹಿಡಿದು ಕಮಲಾಪುರದ ಪಿಯು ಕಾಲೇಜೊಂದಕ್ಕೆ ಹೋಗಿ ಕನ್ನಡ ಹೇಳುತ್ತಿದ್ದೆ. ನೌಕರಿ ತಾತ್ಕಾಲಿಕ, ಚಿಂತೆ ಕಾಯಂ.

ಪ್ಯಾರಾ ಬಿಟ್ಟವನು

"ಒಂದೇ ಸಮ ಗೀಚಬ್ಯಾಡ್ರಿ, ಪ್ಯಾರಾ ಬಿಟ್ಟು ಬರೀರಿ" ಅಂತ ಹೇಳಿ ಬಾಳೆ ಬೇಸಾಯದ ಮೇಲೆ ಪ್ರಬಂಧ ಬರೆಸಿದೆ. ಒಬ್ಬ ಹುಡುಗನ ಪ್ರಬಂಧದ ಮೊದಲ ಪ್ಯಾರಾದಲ್ಲಿ ರೈತ ಗಡ್ಡೆ ನೆಟ್ಟ. ಎರಡನೆಯದರಲ್ಲಿ ಹಣ್ಣು ಹೈದರಾಬಾದಿನ ಲಾರಿ ಹತ್ತಿತ್ತು.

"ನಡುವ ಗಿಡ ಬೆಳೀಲೇ ಇಲ್ಲಲ್ಲೋ?"

"ಬೆಳದದ್ರೀ ಮೇಡಂ, ಗೈಡಿನಾಗ. ನೀವೇ ಪ್ಯಾರಾ ಬಿಟ್ಟು ಬರೀರಿ ಅಂದ್ರಲ್ರೀ? ಒಂದು ಬರದು ಒಂದು ಬಿಟ್ಟೀನ್ರಿ."

ಸಿದ್ಧ ಮುಕ್ತಾಯ

ಮುಕ್ತಾಯ ಹೊಳೆಯುವುದೇ ಇಲ್ಲ ಅಂತ ಹುಡುಗಿಯೊಬ್ಬಳು ಕಣ್ಣೀರು ಹಾಕಿದಳು. ಕನಿಕರಪಟ್ಟು ಒಂದು ಸಾಲು ಕೊಟ್ಟೆ: "ಇದನ್ನು ಉಳಿಸಿ ಬೆಳೆಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ." ಅರಣ್ಯಕ್ಕೆ, ಕನ್ನಡಕ್ಕೆ, ಗ್ರಂಥಾಲಯಕ್ಕೆ ಚೆನ್ನಾಗಿಯೇ ಹೊಂದಿತು. ಆಮೇಲಿನ ಕಿರುಪರೀಕ್ಷೆಗೆ ವರದಕ್ಷಿಣೆ ಪಿಡುಗು ಬಂತು. ಆಕೆ ಪುಟಗಟ್ಟಲೆ ಬೆಂಕಿ ಕಾರಿ, ಕಡೆಗೆ ವರದಕ್ಷಿಣೆಯನ್ನೂ ಉಳಿಸಿ ಬೆಳೆಸಿದ್ದಳು.

ಬೋರ್ಡಿನ ಪರೀಕ್ಷೆಯಲ್ಲಿ ಹೀಗಾಗಲಿಲ್ಲವಲ್ಲ ಅಂತ ಉಸಿರು ಬಿಟ್ಟು, ಕರೆದು ಕೇಳಿದೆ.

"ನಾ ಬ್ಯಾಡಂತೇ ಬರದೀನ್ರಿ ಮೇಡಂ. ಮುಕ್ತಾಯ ನಿಮ್ದು."

ಉದಾಹರಣೆ

ಹೇಳುವ ಮಾತಿಗೆಲ್ಲ ಉದಾಹರಣೆ ಬೇಕು, ಅದೂ ಕಣ್ಣೆದುರಿನದು, ಅಂತ ತಾಕೀತು ಮಾಡಿದ್ದೆ. ಸಮಯಪಾಲನೆಯ ಪ್ರಬಂಧಗಳಲ್ಲಿ ಒಂದನ್ನು ಪ್ರಿನ್ಸಿಪಾಲರು ಸುಮ್ಮನೆ ಎತ್ತಿಕೊಂಡು ಓದತೊಡಗಿದರು. "ಸಮಯ ಪಾಲಿಸದವರಿಗೆ ಉದಾಹರಣೆ, ಕಲಬುರಗಿ ಬಸ್ಸಿನಲ್ಲಿ ಬರುವ ನಮ್ಮ ಮೇಡಂ."

ಅವರು ಕನ್ನಡಕ ಸರಿಪಡಿಸಿಕೊಂಡು, "ಪೂರಾ ಮಾರ್ಕ್ಸ್ ಕೊಡ್ರಿ. ಉದಾಹರಣಿ ದಿನಾ ನೋಡ್ಲಾಕತ್ತೀನಿ" ಅಂದರು.

ಸಾಹೇಬರ ಉಪನ್ಯಾಸ

ಮಾರನೇ ವರ್ಷ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಅವರ ವರದಿ ಚಲೋ ಇದ್ದರೆ ಮಾತ್ರ ನನಗೆ ಇನ್ನೊಂದು ವರ್ಷದ ನೇಮಕಾತಿ ಆರ್ಡರು. ಸಂಜೆ, ಕ್ಲಾಸು ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರ ಜೊತೆ ಒಳಗೆ ಬಂದು, "ಪ್ರಬಂಧ ಸಂಕ್ಷಿಪ್ತ ಇರಬೇಕ್ರಿ" ಅಂತ ಶುರು ಮಾಡಿದರು. ಸಂಕ್ಷಿಪ್ತ ಯಾಕಿರಬೇಕು ಅನ್ನುವುದನ್ನೇ ವಿಸ್ತಾರವಾಗಿ ಹೇಳುತ್ತ ಹೋದರು. ಹೊರಗೆ ಹಳ್ಳಿಗಳ ಬಸ್ಸಿನ ಹಾರ್ನು ಕೇಳತೊಡಗಿತು. ಕ್ಲಾಸು ಚಡಪಡಿಸಿತು. ನಾನು ಕಣ್ಣಿನಲ್ಲೇ ಎಲ್ಲರನ್ನೂ ಕೂರಿಸುತ್ತಿದ್ದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಒಂದು ಡೌಟ್ ರೀ. ಪೀಠಿಕೆ ಎಲ್ಲಿ ಮುಗಿಸ್ಬೇಕು ಅಂತ ಹ್ಯಾಂಗ ಗೊತ್ತಾಗ್ತದ್ರಿ?"

ಪಾಪ, ಆಕೆ ನಿಜವಾಗಿಯೇ ಕೇಳಿದ್ದಳು. ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ನನ್ನ ಆರ್ಡರಿನ ಆಸೆ ಬಿಟ್ಟೆ.

ಸಾಹೇಬರು ಸುತ್ತ ಒಮ್ಮೆ ನೋಡಿದರು. "ಕೇಳವರು ಚೀಲ ಹೆಗಲಿಗೆ ಹಾಕ್ಕೊಂಡ್ರ, ಮುಗಿಸ್ಬೇಕಂತ ತಿಳ್ಕೋಬೇಕವ್ವಾ" ಅಂದು ಹೊಟ್ಟೆ ಹಿಡಿದು ನಕ್ಕರು. ಆಗಲೇ ನೋಡಿದೆ, ಇಡೀ ಕ್ಲಾಸಿನ ಚೀಲಗಳು ಹೆಗಲೇರಿದ್ದವು. ನನ್ನದೂ!

"ಪ್ರಶ್ನೆ ಕೇಳಾಕ ಕಲಸೀರಿ ಮೇಡಂ. ವರದಿ ಚಲೋನೇ ಬರೀತೀನಿ" ಅಂದರು. ಜೀವ ಬಂದಂತಾಯಿತು. ನನ್ನ ಬಸ್ಸು ತಪ್ಪಿತ್ತು; ಅದಕ್ಕೆ ತಮ್ಮ ಜೀಪಿನಲ್ಲೇ ಹತ್ತಿಸಿಕೊಂಡರು.

ಜೀಪು ಕಮಲಾಪುರ ದಾಟಿತು. ಸಾಹೇಬರು ಹಿಂದಕ್ಕೆ ತಿರುಗಿ, "ಅಂದಂಗ ಮೇಡಂ, ಈ ಪೀಠಿಕೆ ಅಂದ್ರ ಏನಪಾ ಅಂದ್ರ..." ಅಂತ ಶುರು ಮಾಡಿದರು. ಕಲಬುರಗಿಯಲ್ಲಿ ಅವರು ಇಳಿದುಕೊಂಡಿದ್ದ ಐವಾನ್-ಎ-ಶಾಹಿಯ ಗೆಸ್ಟ್ ಹೌಸ್ ಬರುವ ತನಕ ಹೂಂ ಹೂಂ ಅನ್ನುತ್ತ ಕೂತಿದ್ದೆ. ಚೀಲವನ್ನು ಮಾತ್ರ ಕಾಲ ಕೆಳಗೆ ಒತ್ತಿ ಹಿಡಿದಿದ್ದೆ.