ಐದರಿಂದ ಭಾಗವಾಗುವ ಅವಿಭಾಜ್ಯ ಸಂಖ್ಯೆ

ಧಾರವಾಡದ ಕೋಚಿಂಗ್ ಕ್ಲಾಸಿನಲ್ಲಿ ಅಂಕಗಣಿತ ಹೇಳಿಕೊಡುವವನಿಗೆ ಸಿಟ್ಟು ಬರಲು ಹಬ್ಬ ಹರಿದಿನ ಬೇಕಾಗಿಲ್ಲ. ಇತ್ತೀಚೆಗೆ ಒಂದೇ ಒಂದು ಸಂಖ್ಯೆ ನನ್ನ ತಲೆ ಕೆಡಿಸಿತು.

ಕೀ ಉತ್ತರ

ನೇಮಕಾತಿ ಪರೀಕ್ಷೆಯೊಂದರಲ್ಲಿ ‘ಇವುಗಳಲ್ಲಿ ಅವಿಭಾಜ್ಯ ಸಂಖ್ಯೆ ಯಾವುದು?’ ಎಂದು ಕೇಳಿದ್ದರು. ಉತ್ತರ 1,04,729 ಆಗಬೇಕಿತ್ತು. ಅಚ್ಚಿನಲ್ಲಿ ಕೊನೆಯ ಒಂಬತ್ತು ಐದಾಯಿತು. ಉಳಿದ ಮೂರೂ ಸಮಸಂಖ್ಯೆಗಳು. ಹೆಬ್ಬಳ್ಳಿಯಿಂದ ಬರುವ ನನ್ನ ವಿದ್ಯಾರ್ಥಿನಿ ಯಾವುದೂ ಸರಿಯಿಲ್ಲವೆಂದು ಪ್ರಶ್ನೆಯನ್ನೇ ಬಿಟ್ಟಳು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಕೀ ಉತ್ತರ ಬಂತು: 1,04,725 ಅವಿಭಾಜ್ಯ. ಹುಡುಗಿಗೆ ಒಂದೇ ಅಂಕ ಕಡಿಮೆಯಾಗಿ ನೌಕರಿ ತಪ್ಪಿತು.

ಅಷ್ಟರಲ್ಲಿ ನಮ್ಮ ಕ್ಲಾಸಿನ ಮಾಲೀಕರು ಅದೇ ಸಂಖ್ಯೆ ಇಟ್ಟುಕೊಂಡು ‘ಕಣ್ಣು ಮುಚ್ಚಿ ಅವಿಭಾಜ್ಯ ಹಿಡಿಯಿರಿ’ ಎಂಬ ವಿಡಿಯೋ ಬಿಟ್ಟಿದ್ದರು.

“ಅದು ಐದರಿಂದ ಭಾಗ ಹೋಗತೈತ್ರೀ,” ಎಂದೆ.

“ಹೋಗ್ಲಿ ಬಿಡ್ರಿ ಸರ. ಕೀಯೊಳಗ ಹೋಗಿಲ್ಲಲ್ಲ!”

ಆಧಾರ

ಆಕ್ಷೇಪಣೆಗೆ ಅಧಿಕೃತ ಪುಸ್ತಕದ ಆಧಾರ ಬೇಕಂತೆ. ಸೊನ್ನೆ ಅಥವಾ ಐದರಲ್ಲಿ ಮುಗಿಯುವುದೆಲ್ಲ ಐದರಿಂದ ಭಾಗವಾಗುತ್ತದೆ ಎಂದು ಐದನೇ ಇಯತ್ತೆಯ ಗಣಿತ ಪುಸ್ತಕದಲ್ಲಿದೆ. ಆ ಪುಟ ಲಗತ್ತಿಸಿ ನಾನೂ ಹುಡುಗಿಯೂ ಹುಬ್ಬಳ್ಳಿಯ ನೇಮಕಾತಿ ಕಚೇರಿಗೆ ಹೋದೆವು. ಗುಮಾಸ್ತರು ಅದನ್ನು ಹಿಂದಕ್ಕೆ ತಳ್ಳಿದರು.

“ಪರೀಕ್ಷಾ ಡಿಗ್ರಿ ಲೆವೆಲ್ಲಿಂದು. ಸಣ್ಣ ಹುಡುಗರ ಪುಸ್ತಕ ಹೆಂಗ ನಡೀತದ್ರಿ?”

“ಡಿಗ್ರಿ ಆದ ಮ್ಯಾಲ ಐದರಿಂದ ಭಾಗ ಹೋಗೂದು ನಿಂತು ಬಿಡ್ತೈತೇನ್ರಿ?”

“ನಿಲ್ಲಂಗಿಲ್ಲ ಅನ್ನೂದಕ್ಕ ಆಧಾರ ಹಚ್ಚ್ರಿ.”

ಸಾಹೇಬರ ಮೊಬೈಲು

ದನಿ ಏರಿತು. ಒಳಗಿದ್ದ ಸಾಹೇಬರು ಕರೆದರು. ಸಜ್ಜನರು. ಮೊಬೈಲು ತೆಗೆದು ತಾವೇ ಭಾಗಿಸಿ ನೋಡಿದರು. 20,945, ಶೇಷವಿಲ್ಲ.

“ನೀವು ಹೇಳೂದು ಖರೇ ಅದರಿ,” ಎಂದರು. ಹುಡುಗಿಯ ಮುಖ ಅರಳಿತು.

“ಆದ್ರ ಪರೀಕ್ಷಾದಾಗ ಕ್ಯಾಲ್ಕ್ಯುಲೇಟರ್ ನಿಷೇಧ ಅದ. ಇದನ್ನ ನಾವು ಲೆಕ್ಕಕ್ಕ ಹಿಡಿಯಾಕ ಬರಂಗಿಲ್ಲ.”

ಬೆರಳಲ್ಲೇ ಮಾಡಿ ತೋರಿಸುತ್ತೇನೆ ಎಂದೆ. ಸಮಿತಿ ಮಾಡುತ್ತೇವೆ ಎಂದರು.

ಬಹುಮತ

ಸಮಿತಿಯಲ್ಲಿ ಪರಿಣತರೇ ಇದ್ದರಂತೆ. ಅಂತಿಮ ತೀರ್ಮಾನ ಹೀಗಿತ್ತು: ‘ಸದರಿ ಸಂಖ್ಯೆಯು ಐದರಿಂದ ಭಾಗವಾಗುವುದು ಕಂಡುಬಂದಿದೆ. ಆದಾಗ್ಯೂ ಬಹುಪಾಲು ಅಭ್ಯರ್ಥಿಗಳು ಅದನ್ನು ಅವಿಭಾಜ್ಯವೆಂದು ಗುರುತಿಸಿರುವುದರಿಂದ, ಅವರ ಹಿತದೃಷ್ಟಿಯಿಂದ ಅವಿಭಾಜ್ಯವೆಂದೇ ಪರಿಗಣಿಸಲಾಗಿದೆ.’

ನನಗೆ ಮೈಯೆಲ್ಲ ಉರಿಯಿತು. ಯೂಕ್ಲಿಡನಿಂದ ಹಿಡಿದು ಅಚ್ಚುಕೂಟದವರೆಗೆ ಎಲ್ಲರನ್ನೂ ಬೈದೆ. ಹುಡುಗಿ ಮಾತ್ರ ಆದೇಶವನ್ನು ನಿಧಾನವಾಗಿ ಇನ್ನೊಮ್ಮೆ ಓದಿದಳು.

“ಸರ, ನಮ್ಮೂರ ಮಂದಿ ಎಲ್ಲಾ ಬಂದು, ಈಕಿಗೆ ನೌಕರಿ ಸಿಕ್ಕೈತಿ ಅಂತ ಕೈ ಎತ್ತಿದ್ರ, ಇವರು ಸಿಕ್ಕೈತಿ ಅಂತನ ಪರಿಗಣಿಸ್ತಾರೇನ್ರಿ?”